ಬೆಳಕಿಗೆ ಬೆನ್ನು ಹಾಕಿ ಕೂತವಳ ಪರವಾಗಿ, ಗೈಡ್ ಬರೆದವರಿಗೆ

ಮಾನ್ಯರೇ,

ಹಳೆಯ ಪದ್ಯಗಳ ಹೊಟ್ಟೆಯೊಳಗಿನ ಅರ್ಥವನ್ನು ಹೊರಗೆಳೆದು, ಹಿಂಡಿ, ಒಣಗಿಸಿ, ಪ್ರಶ್ನೋತ್ತರಗಳಾಗಿ ಮಡಿಸಿಟ್ಟು ವರ್ಷವರ್ಷವೂ ಸಾವಿರಾರು ಪರೀಕ್ಷಾರ್ಥಿಗಳನ್ನು ದಡ ಮುಟ್ಟಿಸುತ್ತಿರುವ ತಮಗೆ, ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹರಿದ ಚಾದರಗಳಿಗೆ ತೇಪೆ ಹಾಕುತ್ತ ಬಂದ ಹೆಂಗಸೊಬ್ಬಳ ಅನಂತ ನಮಸ್ಕಾರಗಳು. ತಾವೂ ತಮ್ಮ ಲೇಖನಿಯೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ, ತಮ್ಮ ಪುಸ್ತಕ ಕೈಗೆ ಬರುವ ಮೊದಲು ಇನ್ನೂ ಸ್ವಲ್ಪ ಕ್ಷೇಮವಾಗಿದ್ದೆ.

ನಡೆದದ್ದನ್ನು ನಡೆದಂತೆಯೇ ಬಿನ್ನವಿಸಿಕೊಳ್ಳುತ್ತೇನೆ. ನಮ್ಮ ಹೊಲಿಗೆ ಕೋಣೆಯ ಮೇಲ್ವಿಚಾರಕಿ ನಿವೃತ್ತರಾಗುವ ಹೊತ್ತಿಗೆ ಆ ಜಾಗಕ್ಕೆ ನಾನೇ ಎಂದು ಕತ್ತರಿಗೂ ಗೊತ್ತಿತ್ತು. ಆದರೆ ಮೇಲ್ವಿಚಾರಣೆ ಮಾಡುವವರು ಭಾಷಾ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮವೊಂದು ಕಡತದಿಂದ ಎದ್ದು ಬಂತು. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಸಂಜೆ ತರಗತಿಗೆ ಸೇರಿದೆ, ಪಠ್ಯಪುಸ್ತಕ ಕೊಂಡೆ, ಎಲ್ಲರೂ ಹೇಳಿದರೆಂದು ತಮ್ಮ ಗೈಡನ್ನೂ ಕೊಂಡೆ. ಊಟದ ವಿರಾಮದಲ್ಲಿ ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದುವಾಗ, ಅಲ್ಲಿ ಇಸ್ತ್ರಿ ಮಾಡುವ ಅಣ್ಣ ನನಗೆ ಪ್ರಶ್ನೆ ಕೇಳುವ ಮೇಷ್ಟ್ರಾಗಿದ್ದ.

ತಮ್ಮ ಪುಸ್ತಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದರಲ್ಲಿ ಕೊಡವೆಂದರೆ ದೇಹ, ದೀಪವೆಂದರೆ ಜ್ಞಾನ, ದೋಣಿಯೆಂದರೆ ಬಾಳು, ಕಾಗೆಯೆಂದರೆ ಕಾಲ. ಸುಮ್ಮನೆ ಕೊಡವಾಗಿ ನೀರು ತುಂಬಿಕೊಂಡು ಮನೆ ಸೇರಿದ ಒಂದೇ ಒಂದು ಕೊಡ ಮುನ್ನೂರು ಪುಟಗಳಲ್ಲಿ ನನಗೆ ಸಿಗಲಿಲ್ಲ. ಇಸ್ತ್ರಿಯಣ್ಣ ಹತ್ತು ದಿನ ಪ್ರಶ್ನೆ ಕೇಳಿ ಹನ್ನೊಂದನೆಯ ದಿನ, "ಅಕ್ಕಾ, ಈ ಮನುಷ್ಯನ ಮನೇಲಿ ನೀರು ಕುಡಿಯೋದು ಯಾವುದರಲ್ಲಿ?" ಎಂದು ಕೇಳಿದ. ಇದು ತಮ್ಮ ಬಗೆಗಿನ ಗೌರವದಿಂದಲೇ ಹುಟ್ಟಿದ ಕುತೂಹಲವೆಂದು ತಾವು ಭಾವಿಸಬೇಕು.

ಹೀಗಿರುವಾಗ ಪಠ್ಯದಲ್ಲಿ ಹೆಸರು ತಿಳಿಯದ ಹಳೆಯ ಕವಿಯೊಬ್ಬರ ಎಂಟು ಸಾಲಿನ ಪದ್ಯ ಬಂತು. ಮನೆಯೊಳಗೆ ಕಂಬಕ್ಕೊರಗಿ ಅತ್ತೆ ಕೂತಿದ್ದಾಳೆ. ಎದುರಿಗೆ ಸೊಸೆ, ಕಿಟಕಿಗೆ ಬೆನ್ನು ಹಾಕಿ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ದಾರ ಮೂರು ಸಲ ತಪ್ಪುತ್ತದೆ, ನಾಲ್ಕನೆಯ ಸಲ ಪೋಣಿಸಿಕೊಳ್ಳುತ್ತದೆ, ಅಲ್ಲಿಗೆ ಪದ್ಯ ಮುಗಿಯಿತು. ತಮ್ಮ ವಿವರಣೆ ಹೀಗಿದೆ: ಸೂಜಿಯೆಂದರೆ ಆತ್ಮ, ದಾರವೆಂದರೆ ಕರ್ಮ, ಅತ್ತೆಯೆಂದರೆ ಸಂಸಾರ, ಕಿಟಕಿಗೆ ಬೆನ್ನು ಹಾಕಿದ್ದೆಂದರೆ ಲೌಕಿಕದ ಬೆಳಕನ್ನು ತೊರೆದದ್ದು. ನಾಲ್ಕನೆಯ ಸಾಲಿನಲ್ಲಿ ಎರಡು ಮಾತ್ರೆ ಕಡಿಮೆಯಿರುವುದು ಓಲೆ ನಕಲು ಮಾಡಿದವನ ಅಜಾಗರೂಕತೆ.

ಮಾನ್ಯರೇ, ಹೊಲಿಗೆಯವಳು ಬೆಳಕಿಗೆ ಬೆನ್ನು ಹಾಕಿ ಸೂಜಿ ಪೋಣಿಸುವುದಿಲ್ಲ. ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿಯುವುದು ನಾವು ಮೊದಲ ದಿನ ಕಲಿಯುವ ಪಾಠ. ಆದರೆ ಬೆಳಕು ಬೆನ್ನಿಗಿದ್ದರೆ ಎದುರು ಕೂತವರಿಗೆ ನಮ್ಮ ಮುಖ ಕಪ್ಪಗೆ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಆ ಸೊಸೆ ಅಳುತ್ತಿದ್ದಾಳೆ, ಅದು ಅತ್ತೆಗೆ ಗೊತ್ತಾಗಬಾರದು, ಅಷ್ಟೇ. ಪದ್ಯವನ್ನು ಗಟ್ಟಿಯಾಗಿ ಓದಿದರೆ ನಾಲ್ಕನೆಯ ಸಾಲಿನಲ್ಲಿ ಎರಡು ಮಾತ್ರೆ ಖಾಲಿ ಬೀಳುವ ಜಾಗದಲ್ಲಿ ಓದುವವರ ಉಸಿರೂ ಸಿಕ್ಕಿಕೊಳ್ಳುತ್ತದೆ. ಕವಿ 'ಅತ್ತಳು' ಎಂದು ಎಲ್ಲಿಯೂ ಹೇಳದೆ ಛಂದಸ್ಸಿನ ಕೈಯಲ್ಲಿ ಬಿಕ್ಕಿಸಿದ್ದಾನೆ. ನಕಲು ಮಾಡಿದವನು, ಪಾಪ, ಇದ್ದದ್ದನ್ನು ಇದ್ದಂತೆ ಬರೆದ ಪ್ರಾಮಾಣಿಕ.

ಇದು ಹೊಳೆದ ದಿನ ಕೈಯಲ್ಲಿದ್ದ ದಿಂಬಿನ ಚೀಲ ಕೆಳಗಿಟ್ಟೆ. ನನ್ನಮ್ಮನೂ ಹೊಲಿಯುತ್ತಿದ್ದವಳು. ಎಷ್ಟೋ ಸಲ ಅವಳು ಕಿಟಕಿಗೆ ಬೆನ್ನು ಹಾಕಿ ಬರೀ ಬೆರಳಿನ ಅಂದಾಜಿನಲ್ಲಿ ದಾರ ಪೋಣಿಸುತ್ತಿದ್ದದ್ದನ್ನು ಕಂಡು, ಅಮ್ಮನಿಗೆ ಎಂಥ ಕೈಚಳಕವೆಂದು ನಾನು ಸ್ನೇಹಿತೆಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಆ ಭಾನುವಾರ, ಅಮ್ಮ ಈಗಿರುವ ನನ್ನ ತಮ್ಮನ ಮನೆಗೆ ಹೋಗಿ ಅವಳನ್ನೇ ಕೇಳಿದೆ. ಅಮ್ಮ ಮಂಡಿ ನೀವಿಕೊಳ್ಳುತ್ತ, "ನಿಮ್ಮಜ್ಜಿ ಎದುರಿಗೇ ಕೂತಿರ್ತಿದ್ರು ಕಣೆ. ಅಳೋದು ಕಂಡ್ರೆ ಯಾಕೆ ಅಂತ ಕೇಳ್ತಿದ್ರು. ಕೇಳಿದ್ರೆ ಹೇಳಬೇಕಾಗ್ತಿತ್ತು" ಎಂದಳು. ಯಾಕೆ ಎಂದು ನಾನೂ ಕೇಳಲಿಲ್ಲ. ಕೇಳದೆ ಇರುವುದನ್ನು ಆ ಪದ್ಯವೇ ನನಗೆ ಕಲಿಸಿತ್ತು.

ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಇದೇ ಪದ್ಯ ಬಂದಾಗ ನನ್ನ ಸಂತೋಷವನ್ನು ತಾವು ಊಹಿಸಬಹುದು. ಸೂಜಿ, ಕಿಟಕಿ, ಕಪ್ಪು ಮುಖ, ಎರಡು ಮಾತ್ರೆ, ಎಲ್ಲವನ್ನೂ ಮೂರು ಪುಟ ಬರೆದೆ. ಸೊನ್ನೆ ಬಂತು. ನಾಲ್ಕು ಅಂಕಗಳಲ್ಲಿ ಫೇಲಾದೆ. ಉತ್ತರಪತ್ರಿಕೆಯ ನಕಲು ತರಿಸಿ ನೋಡಿದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, 'ವಿಷಯಾಂತರ. ಹೊಲಿಗೆ ಪ್ರಶ್ನೆಯಲ್ಲಿಲ್ಲ.' ಪರೀಕ್ಷಾ ಕಚೇರಿಯ ಕಿಟಕಿಯ ಮುಂದೆ ಒಂದೂವರೆ ಗಂಟೆ ನಿಂತ ಮೇಲೆ ಗುಮಾಸ್ತರು ಬಹಳ ಮರ್ಯಾದೆಯಿಂದಲೇ ಬುದ್ಧಿ ಹೇಳಿದರು: "ಅಮ್ಮಾ, ನೀವು ಬರೆದಿದ್ದು ತಪ್ಪು ಅಂತ ಯಾರು ಹೇಳ್ತಾರೆ? ಆದ್ರೆ ಅದು ಗೈಡಲ್ಲಿ ಇಲ್ವಲ್ಲ."

ಆ ಒಂದು ವರ್ಷ ಮೇಲ್ವಿಚಾರಣೆಯ ಹೊಣೆ ಉಗ್ರಾಣದ ಅಧಿಕಾರಿಯ ಭಾವಮೈದುನನಿಗೆ ಹೋಯಿತು. ಭಾಷೆಯಲ್ಲಿ ಪ್ರಥಮ ದರ್ಜೆ, ಗುಂಡಿ ಹಚ್ಚಲು ಬಾರದು. ರೋಗಿಗಳ ನಿಲುವಂಗಿ ಬೆನ್ನಿನ ಕಡೆ ತೆರೆದಿರುವುದು ಅಸಭ್ಯವೆಂದು ಆತನಿಗೆ ತೋರಿ ಅರವತ್ತು ಅಂಗಿಗಳ ಬೆನ್ನು ಹೊಲಿಸಿದ. ಕೈಗೆ ನಳಿಕೆ ಚುಚ್ಚಿ ಮಲಗಿದವರಿಗೆ ಅವನ್ನು ತೊಡಿಸಲಾಗದೆ ದಾದಿಯರು ಹಿಡಿಶಾಪ ಹಾಕಿದರು. ಆ ಅರವತ್ತನ್ನೂ ಬಿಚ್ಚಿದವರು ನಾವು. ಪ್ರತಿ ಹೊಲಿಗೆ ಬಿಚ್ಚುವಾಗಲೂ ಭಕ್ತಿಯಿಂದ ತಮ್ಮನ್ನೇ ನೆನೆದೆ.

ಮರುವರ್ಷ ಮತ್ತೆ ಪರೀಕ್ಷೆಗೆ ಕೂತೆ, ಮತ್ತೆ ಅದೇ ಪದ್ಯ. ನನ್ನಮ್ಮನನ್ನು ಮತ್ತೊಮ್ಮೆ ಆ ಕೆಂಪು ಶಾಯಿಯ ಮುಂದೆ ಕೂರಿಸಲು ಮನಸ್ಸಾಗಲಿಲ್ಲ. ತಮ್ಮ ಉತ್ತರವನ್ನೇ ಅಕ್ಷರ ಬಿಡದೆ ಇಳಿಸಿದೆ. ತಮ್ಮ ಪುಸ್ತಕದಲ್ಲಿ 'ವಿರಕ್ತಿ' ಎಂದಿರಬೇಕಾದ ಕಡೆ ಅಚ್ಚಿನವರ ಕೃಪೆಯಿಂದ 'ವಿಭಕ್ತಿ' ಎಂದಿದೆ. ನಾನೂ 'ಆಕೆಯ ಬೆನ್ನಿನಲ್ಲಿ ಆಳವಾದ ವಿಭಕ್ತಿಭಾವ ಮೂಡಿದೆ' ಎಂದೇ ಬರೆದೆ. ಹೆಂಗಸಿನ ಬೆನ್ನಿನ ಮೇಲೆ ಪ್ರಥಮಾ, ದ್ವಿತೀಯಾ, ತೃತೀಯಾ ಸಾಲಾಗಿ ಮೂಡುವುದನ್ನು ಇಷ್ಟು ವರ್ಷಗಳಲ್ಲಿ ನಾನಂತೂ ಕಂಡಿಲ್ಲ, ಆದರೆ ಪರೀಕ್ಷಕರು ಕಂಡಿದ್ದಾರೆ: ಆ ಸಾಲಿನ ಕೆಳಗೆ ಗೆರೆ ಎಳೆದು 'ಉತ್ತಮ' ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ. ನಾನು ಪಾಸಾದೆ, ಮೇಲ್ವಿಚಾರಕಿಯಾದೆ. ಇಸ್ತ್ರಿಯಣ್ಣ ಎಲ್ಲರಿಗೂ ಚಹಾ ಕೊಡಿಸಿದ.

ಈಗ ನಮ್ಮ ಕೋಣೆಯ ನಾಲ್ವರು ಹೆಂಗಸರು ಅದೇ ಪರೀಕ್ಷೆಗೆ ಕಟ್ಟಿದ್ದಾರೆ, ವಿರಾಮದಲ್ಲಿ ನಾನೇ ಪಾಠ ಹೇಳುತ್ತೇನೆ. ಮೊದಲು ಪದ್ಯ ಓದುತ್ತೇವೆ, ಆಮೇಲೆ ಕೈ ತೊಳೆದು ಗೈಡ್ ಓದುತ್ತೇವೆ. ಹೋದ ವಾರ ಈ ಪದ್ಯ ಬಂತು. ಕಪ್ಪು ಮುಖದ ಗುಟ್ಟನ್ನೂ ಎರಡು ಮಾತ್ರೆಯ ಬಿಕ್ಕನ್ನೂ ನಾನು ಬಿಡಿಸಿ ಹೇಳಿದಾಗ ಎಲ್ಲರೂ ತಲೆದೂಗಿದರು. ಕಾಜಾ ಹೊಲಿಯುವವಳೊಬ್ಬಳು ಮಾತ್ರ, ಮದುವೆಯಾಗಿ ಆರು ತಿಂಗಳಾಗಿದೆ, ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು: "ಅವಳು ನಗ್ತಾ ಇರಬಹುದಲ್ವಾ ಅಕ್ಕಾ? ನಗು ತಡೆದ್ರೂ ಉಸಿರು ಹಾಗೇ ಸಿಕ್ಕಿಕೊಳ್ಳತ್ತೆ. ಅತ್ತೆ ಎದುರಿಗಿದ್ರೆ ಅದನ್ನೂ ಬಚ್ಚಿಡಬೇಕಲ್ಲ."

ಮಾನ್ಯರೇ, ನಾನು ಬಾಯಿ ತೆರೆದೆ. 'ವಿಷಯಾಂತರ' ಎಂಬ ಪದ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಹಳ ಕಷ್ಟಪಟ್ಟು ನುಂಗಿದೆ. ಪದ್ಯವನ್ನು ಇನ್ನೊಮ್ಮೆ ಓದಿಸಿದೆ. ಅಳುವೂ ಹೊಂದುತ್ತದೆ, ನಗುವೂ ಹೊಂದುತ್ತದೆ. ವಿರಾಮ ಮುಗಿದರೂ ಜಗಳ ಮುಗಿಯಲಿಲ್ಲ, ಆ ದಿನ ಹನ್ನೆರಡು ಚಾದರ ಬಾಕಿ ಉಳಿದವು.

ಆದ್ದರಿಂದ ತಮ್ಮಲ್ಲಿ ಎರಡು ಸಣ್ಣ ಕೋರಿಕೆಗಳು. ಒಂದು, ಮುಂದಿನ ಆವೃತ್ತಿಗೆ ಮೊದಲು ತಾವು ಸಪತ್ನೀಕರಾಗಿ ನಮ್ಮ ಕೋಣೆಗೆ ದಯಮಾಡಿಸಿ, ಕಿಟಕಿಗೆ ಬೆನ್ನು ಹಾಕಿ ಕೂತು, ಒಂದೇ ಒಂದು ಸೂಜಿ ಪೋಣಿಸಿ ತೋರಿಸಬೇಕು. ಆತ್ಮಕ್ಕೆ ಕರ್ಮ ಪೋಣಿಸಿದಷ್ಟು ಸುಲಭವಲ್ಲ, ಬೆರಳಿಗೆ ಚುಚ್ಚಿಕೊಂಡರೆ ಔಷಧಿ ಕೆಳಗಿನ ಮಹಡಿಯಲ್ಲೇ ಸಿಗುತ್ತದೆ. ಎರಡು, ಆ ಪದ್ಯದ ಎದುರಿನ ಪುಟವನ್ನು ಖಾಲಿ ಬಿಟ್ಟು, ಅಲ್ಲಿ ಪರೀಕ್ಷಾರ್ಥಿಯು ತನಗೆ ಕಂಡದ್ದನ್ನು ಬರೆಯತಕ್ಕದ್ದೆಂದು ಸೂಚಿಸಬೇಕು. ಖಾಲಿ ಪುಟದಲ್ಲಿ ಅಚ್ಚಿನ ತಪ್ಪುಗಳೂ ಆಗುವುದಿಲ್ಲ.

ಇಂತು ತಮ್ಮ ವಿಶ್ವಾಸಿ,
ಹೊಲಿಗೆ ಕೋಣೆಯ ಮೇಲ್ವಿಚಾರಕಿ

ತಾ.ಕ.: ಈ ಪತ್ರದ ಭಾವಾರ್ಥ ಬರೆಯುವ ಶ್ರಮವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಇದರಲ್ಲಿ ಸಿಟ್ಟು ಎಂದರೆ ಸಿಟ್ಟೇ.