ಹಿತ್ತಿಲ ಬಾಗಿಲಿನ ಹದಿನಾಲ್ಕು ಜೊತೆ ಚಪ್ಪಲಿ

ಇಂದ:
ಶಿವಪುತ್ರ,
ತಮ್ಮ ಜೀವನಚರಿತ್ರೆಯ ಲೇಖಕ, ಶೆಟ್ಟಿಹಳ್ಳಿ

ಗೆ:
ಶ್ರೀಮತಿ ರಾಧಾಮಣಿಯವರು,
ಸದರಿ ಚರಿತ್ರೆಯ ನಾಯಕಿ ಹಾಗೂ ಅದರ ಸಿನಿಮಾದ ನಿರ್ಮಾಪಕಿ, ಆರ್.ಟಿ. ನಗರ

ವಿಷಯ: ಸಿನಿಮಾದ ಮೊದಲ ದೃಶ್ಯವನ್ನು ಅಡುಗೆಯ ಸಂಗವ್ವನವರಿಗೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ೧) ಪುಸ್ತಕದ ಪುಟ ೧೧೨. ೨) ಸಂಗವ್ವನವರು ಮೂರು ದಿನದಿಂದ ಅರ್ಜಿದಾರನೊಡನೆ ಮಾತು ಬಿಟ್ಟಿರುವುದು.

ಮಾನ್ಯರೇ,

೧. ವಿರೋಧ ಪಕ್ಷದ ನಾಯಕಿಯಾದ ತಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದ ಸಂಗವ್ವನವರು ಅರ್ಜಿದಾರನ ತಾಯಿ. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟ ಶಾಸಕರು ಕಾಫಿ ಕುಡಿದು ಹೋಗುವವರು; ಹಿತ್ತಿಲಲ್ಲಿ ಬಿಟ್ಟವರು ಆಳುವ ಪಕ್ಷ ಬಿಡಲು ಬಂದು ಊಟಕ್ಕೆ ನಿಲ್ಲುವವರು. ಆದಕಾರಣ ಆಕೆ ಹಿತ್ತಿಲ ಚಪ್ಪಲಿ ಎಣಿಸಿಯೇ ಹಿಟ್ಟು ನಾದುತ್ತಿದ್ದರು. ಒಮ್ಮೆ ಹದಿನಾಲ್ಕು ಜೊತೆ ಕಂಡು, "ಈ ಸರ್ಕಾರ ಉಳ್ಯಂಗಿಲ್ಲ" ಎನ್ನುತ್ತ ಹಿಟ್ಟು ನಾದುವ ದೊಡ್ಡ ಪರಾತ ಇಳಿಸಿದರು. ಮರುದಿನ ಬಿತ್ತು.

೨. ಅರ್ಜಿದಾರನು ಈ ಎಣಿಕೆಯನ್ನು ತಾವು ಮಾಡಿದಿರೆಂದು ಬರೆದನು. ಅವನು ಓದಿಕೊಂಡ ಅನುವಾದಿತ ಕಾದಂಬರಿಗಳಲ್ಲಿ ಅಡುಗೆಯವರು ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ, ಅಷ್ಟೇ. ಎಲ್ಲವನ್ನೂ ಅರಿಯುವುದು ಕಿಟಕಿಯ ಬಳಿ ನಿಂತ ಒಂಟಿ ಹೆಂಗಸು. ಕಿಟಕಿಯಾಚೆ ಹಿಮ ಬೀಳಿಸುವ ಆಸೆಯೂ ಇತ್ತು. ಆರ್.ಟಿ. ನಗರವೆಂದು ನೆನಪಾಗಿ ಮಂಜಿನಲ್ಲೇ ತೃಪ್ತಿಪಟ್ಟನು.

೩. ಎಷ್ಟು ಜೊತೆಯೆಂದು ಕೇಳಿದಾಗ ತಾವು, "ಹನ್ನೆರಡು ಅಂತ ಬರ್ಕೊಳಪ್ಪ, ಯಾರ್ ಎಣಿಸ್ತಾರೆ?" ಎಂದಿರಿ. ಹದಿನಾಲ್ಕೆಂದು ಗೊತ್ತಿದ್ದೂ, ಹನ್ನೆರಡು ಕಿವಿಗೆ ಹಿತವೆಂದು ಅರ್ಜಿದಾರನು ಹಾಗೇ ಬರೆದುಕೊಂಡನು.

೪. ಸಿನಿಮಾ ಆಗುತ್ತದೆಂದು ತಿಳಿದ ದಿನ ಅವನು ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತೇ ಅದರ ಮೊದಲ ದೃಶ್ಯವನ್ನು ಮನಸ್ಸಿನಲ್ಲಿ ಪೂರ್ತಿ ನೋಡಿ ಮುಗಿಸಿದನು: ಹನ್ನೆರಡು ಜೊತೆ ಚಪ್ಪಲಿ, ತಮ್ಮ ರೇಷ್ಮೆ ಸೆರಗಿನ ಅಂಚು, ಏಳು ನಿಮಿಷ, ಮಾತಿಲ್ಲ. ಮನೆಗೆ ಬಂದು ತಾಯಿಗೂ ವಿವರಿಸಿದನು.

"ಆಕಿ ಹಿತ್ತಲಕ್ಕ ಯಾವಾಗ ಬಂದಿದ್ಲೋ?"

"ಅದು ಕಲೆ, ಅವ್ವ."

"ಹಂಗಾರ ಇವತ್ತ ಅದನ್ನ ಉಣ್ಣು."

ಅಂದಿನಿಂದ ಅರ್ಜಿದಾರನು ಹೋಟೆಲಿನಲ್ಲಿ ಉಣ್ಣುತ್ತಿದ್ದಾನೆ.

ಆದ್ದರಿಂದ, ಸೋಮವಾರ ಚಿತ್ರೀಕರಣ ಶುರುವಾಗುವ ಮೊದಲು, ಚಪ್ಪಲಿ ಎಣಿಸುವವರು ಸಂಗವ್ವನವರೇ ಎಂದು ತಿದ್ದಿಸಬೇಕಾಗಿ ಪ್ರಾರ್ಥನೆ.

ತಾವು ಓದಿ ನಗಲಾರಿರೆಂಬ ನಂಬಿಕೆಯ,
ಶಿವಪುತ್ರ

ಲಗತ್ತುಗಳು:
೧. ಪುಟ ೧೧೨ ಸುಳ್ಳೆಂದು ಸಹಿ ಮಾಡಿದ ಹೇಳಿಕೆ.
೨. ಹಿಮ ಬೀಳುವ ಮೊದಲ ಕರಡು, ಓದದೆ ಹರಿದುಹಾಕಲು.

ವಿ.ಸೂ.: ಈ ಅರ್ಜಿಯನ್ನು ಓದಿ ಹೇಳಿದಾಗ ಸಂಗವ್ವನವರು ಮೂರು ದಿನಗಳ ಮೌನ ಮುರಿದರು. "ನನ್ನ ಹೆಸರು ಹಾಕಲಿ, ಬಿಡಲಿ. ಹನ್ನೆರಡು ಅಂದ್ರ ಇಬ್ರು ಉಪವಾಸ ಬೀಳ್ತಾರೋ." ಕಾರಣ, ಮೇಲಿನ ಯಾವುದೂ ಸಾಧ್ಯವಾಗದ ಪಕ್ಷದಲ್ಲಿ, ಇನ್ನೆರಡು ಜೊತೆ ಚಪ್ಪಲಿಯನ್ನಾದರೂ ಮಂಜೂರು ಮಾಡಬೇಕಾಗಿ ಕೋರಿಕೆ.