ಮೇಲೊಂದು ಕಣ್ಣು, ಕೆಳಗೊಂದು ಕಣ್ಣು

ಆ ದಿನದ ಗಲಾಟೆಗೆಲ್ಲ ಮೂಲ ಒಂದು ಗೂಬೆ. ಜೀವವಿದ್ದ ಗೂಬೆಯಲ್ಲ; ಬಣ್ಣಬಣ್ಣದ ತುಂಡು ಬಟ್ಟೆ ಕೂಡಿಸಿ ಹೊಲಿದ ಕೈಚೀಲದ ಮೇಲೆ ಕೂತಿದ್ದ ಹಳದಿ ಬಟ್ಟೆಯ ಗೂಬೆ. ಅದರ ಒಂದು ಕಣ್ಣು ಕೋಟಿನ ಗುಂಡಿ, ಮೇಲಿತ್ತು. ಇನ್ನೊಂದು ಅಂಗಿಯ ಗುಂಡಿ, ಕೆಳಗಿತ್ತು. ಯಾರೇ ಎದುರಿಗೆ ನಿಂತರೂ, 'ನಿನ್ನ ವಿಷಯ ನನಗೆ ಗೊತ್ತು' ಎನ್ನುವ ಹಾಗೆ ನೋಡುತ್ತಿತ್ತು.

"ನಾನೇ ಕೈಯಾರೆ ಮಾಡಿದ್ದು," ಎಂದು ಅತ್ತೆ ಬೆಳಿಗ್ಗೆ ಅದನ್ನು ಸೊಸೆಯ ಮುಂದೆ ಹಿಡಿದರು. "ಆ ಹಳೇ ಪ್ಲಾಸ್ಟಿಕ್ ಚೀಲ ಬಿಸಾಕು. ನಿನ್ನ ಡಬ್ಬಿ, ಕನ್ನಡಕ, ಆಫೀಸಿನ ಬೀಗದಕೈ ಎಲ್ಲ ಇದರಲ್ಲೇ ಹಾಕಿದೀನಿ."

ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಹೆಣೆದ ಸ್ವೆಟರಿಗೆ ಮೂರು ತೋಳು ಬಂದ ಕತೆಯನ್ನೂ, ಅವರು ಹೊಲಿದ ದಿಂಬಿನೊಳಗೆ ಕತ್ತರಿಯೇ ಸೇರಿಹೋದ ಕತೆಯನ್ನೂ ಆಫೀಸಿನಲ್ಲಿ ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸಿದವಳು ಅವಳೇ. ಈಗ ಅದೇ ಕೈಯ ಗೂಬೆಯನ್ನು ಹೆಗಲಿಗೇರಿಸಿಕೊಂಡು ಅದೇ ಜನರ ಮುಂದೆ ಹೋಗುವುದು ಹೇಗೆ?

"ಇವತ್ತು ಬೇಡ ಅತ್ತೆ, ನಾಳೆ ತಗೊಂಡು ಹೋಗ್ತೀನಿ."

"ನಾಳೆ ಯಾಕೆ? ನಿಮ್ಮ ಮೇಡಂ ನಿನ್ನ ಅರ್ಜಿ ನೋಡೋದು ಇವತ್ತಲ್ವಾ? ನೀಟಾಗಿ ಹೋಗು." ಅತ್ತೆ ದಾರವನ್ನು ಸರ್ರನೆ ಎಳೆದರು. ಚೀಲದ ಬಾಯಿ ಮುಚ್ಚಿಕೊಂಡಿತು. ಬೀದಿಯ ತುದಿಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ವಾದಕ್ಕೆ ಹೊತ್ತಿರಲಿಲ್ಲ.

ಅವಳದು ನಕ್ಷೆ ಕಚೇರಿಯ ಕಡತದ ಕೋಣೆಯಲ್ಲಿ ಕೆಲಸ. ಕೋಣೆ ನೆಲಮಾಳಿಗೆಯಲ್ಲಿತ್ತು. ಹಳೆಯ ಕಟ್ಟಡಗಳ ನಕ್ಷೆಗಳೂ ಅವುಗಳಷ್ಟೇ ಹಳೆಯ ಧೂಳೂ ಅಲ್ಲಿ ಒಟ್ಟಿಗೆ ಬಾಳುತ್ತಿದ್ದವು. ನಾಲ್ಕು ವರ್ಷ ಸೀನಿ ಸೀನಿ ಅವಳ ಹೆಸರೇ ಮಾಯವಾಗಿ ಎಲ್ಲರ ಬಾಯಲ್ಲೂ 'ಸೀನಮ್ಮ' ಆಗಿಬಿಟ್ಟಿದ್ದಳು. ಹೋದ ವಾರ ಮೊದಲ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾಗಿತ್ತು. ಗಾಳಿ, ಬೆಳಕು, ಎದುರಿಗೊಂದು ಮರ. ಆ ಮೇಜು ತನಗೆ ಬೇಕೆಂದು ಬರೆದುಕೊಟ್ಟ ಅರ್ಜಿ ಮೇಡಂ ಕೈಯಲ್ಲಿತ್ತು. ಸಂಜೆಯೊಳಗೆ ತೀರ್ಮಾನ.

ಮೇಡಂ ಮಾತು ಕಡಿಮೆ. ಅವರನ್ನು ಜನ ನೆನೆಸಿಕೊಳ್ಳುತ್ತಿದ್ದುದು ಗಂಟಿನಿಂದ. ತಮ್ಮ ಮೇಜಿಗೆ ಬಂದ ಪ್ರತಿ ಕಡತವನ್ನೂ ಅವರು ದಾರ ಮೂರು ಸುತ್ತು ಹಾಕಿ ತಾವೇ ಕಟ್ಟಿ ಕಳಿಸುತ್ತಿದ್ದರು. ಆ ಗಂಟು ಬಿಚ್ಚಲು ಹೋಗಿ ಉಗುರು ಮುರಿದುಕೊಳ್ಳದವರು ಇಡೀ ಕಚೇರಿಯಲ್ಲಿರಲಿಲ್ಲ.

ಹತ್ತು ಗಂಟೆಗೆ ಕಡತದ ಕೋಣೆಯ ಬಾಗಿಲಿಗೆ ಬಂದ ಸೀನಮ್ಮ ಬೀಗದಕೈಗೆಂದು ಚೀಲದ ದಾರ ಎಳೆದಳು. ಬಾಯಿಯ ಗಂಟು ಇನ್ನೂ ಬಿಗಿಯಿತು. ಆ ಕಡೆ ಎಳೆದಳು. ಮತ್ತೂ ಬಿಗಿಯಿತು. ಗೂಬೆ ಮೇಲಿನ ಕಣ್ಣಿನಿಂದ ಅವಳನ್ನೂ ಕೆಳಗಿನ ಕಣ್ಣಿನಿಂದ ನೆಲವನ್ನೂ ನೋಡುತ್ತಿತ್ತು. ನಕ್ಷೆಯ ಪ್ರತಿಗಾಗಿ ಬಂದವರ ಸಾಲು ಮೆಟ್ಟಿಲವರೆಗೂ ಬೆಳೆಯಿತು.

"ಏನ್ರೀ ಸೀನಮ್ಮ, ಬಾಗಿಲು ತೆಗೀರಿ. ತೆಗೀರಿ ಬಾಗಿಲು," ಎನ್ನುತ್ತ ರಬ್ಬರ್ ಸ್ಟಾಂಪು ಬಂದ. ದಿನವಿಡೀ ಪತ್ರಗಳಿಗೆ ಮೊಹರು ಒತ್ತುವುದು ಆತನ ಕೆಲಸ. ಮಾತನ್ನೂ ಎರಡೆರಡು ಸಲ ಒತ್ತುತ್ತಿದ್ದ. ವಿಷಯ ತಿಳಿದು ಚೀಲ ಕಸಿದುಕೊಂಡು ಹಲ್ಲಿನಿಂದ ಕಚ್ಚಿ ಎಳೆದ. ಗಂಟು ಅಲುಗಲಿಲ್ಲ, ಹಲ್ಲು ಅಲುಗಿತು.

"ಬ್ಲೇಡ್ ಹಾಕಿ ಕುಯ್ದುಬಿಡಿ," ಎಂದ ಸಾಲಿನಲ್ಲಿದ್ದ ಗಾರೆ ಮೇಸ್ತ್ರಿ. "ಒಂದು ಚೀಲಕ್ಕೆ ಇಷ್ಟೊಂದು ಜನ ಕಾಯ್ಬೇಕಾ?"

ಸೀನಮ್ಮನಿಗೂ ಅದೇ ಬೇಕಿತ್ತು. ಹರಿದರೆ ಪೀಡೆ ಕಳೆಯಿತು. ಬ್ಲೇಡು ಕೈಗೆ ಬಂದದ್ದೂ ಆಯಿತು. ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಚೀರಿಕೊಂಡು ಓಡಿಬಂದಳು.

"ಅಯ್ಯಯ್ಯೋ, ನಿಲ್ಸಿ! ಕಣ್ಣಿದೆಯೋ ಇಲ್ವೋ ನಿಮಗೆ? ಈ ಹೊಲಿಗೆ ನೋಡ್ರೀ. ಒಂದೊಂದು ಟಾಕೂ ಎಳ್ಳಿನಷ್ಟು! ಮಷೀನಿಂದಲ್ಲ, ಕೈಯಲ್ಲೇ ಹಾಕಿರೋದು. ಈ ರೆಕ್ಕೆ ನೋಡಿ, ಹಳೇ ಟೈ ಕತ್ತರಿಸಿ ಮಾಡಿದಾರೆ!"

ಎಲ್ಲರೂ ಬಗ್ಗಿ ನೋಡಿದರು. ಮೇಸ್ತ್ರಿಯೂ ನೋಡಿದ. "ಮೂಲೆ ಮಟ್ಟಸವಾಗಿ ಕೂಡಿಸಿದಾರೆ," ಎಂದು ಒಪ್ಪಿಕೊಂಡ.

ಆಗಲೇ ಮೆಟ್ಟಿಲ ಮೇಲಿಂದ ಮೇಡಂ ಇಳಿದು ಬಂದರು. ಗದ್ದಲ ನಿಂತಿತು. ಅವರು ಏನೂ ಕೇಳದೆ ಚೀಲ ತೆಗೆದುಕೊಂಡು ಎಲ್ಲಿಗೋ ಬೆರಳು ಹಾಕಿದರು. ಬಾಯಿ ಹೂವಿನಂತೆ ತೆರೆದುಕೊಂಡಿತು. ಚೀಲ ವಾಪಸು ಕೊಟ್ಟು ಗೋಡೆಯ ನೋಟಿಸ್ ಬೋರ್ಡಿನ ಕಡೆ ತಿರುಗಿದರು. 'ನೌಕರರು ಕಚೇರಿಯ ಹೊರಗೆ ಯಾವುದೇ ಖಾಸಗಿ ವ್ಯಾಪಾರ ಮಾಡತಕ್ಕದ್ದಲ್ಲ' ಎಂದು ತಾವೇ ಸಹಿ ಹಾಕಿ ಅಂಟಿಸಿದ್ದ ನೋಟಿಸನ್ನು ಹೊಸದಾಗಿ ಕಂಡವರಂತೆ ಓದತೊಡಗಿದರು.

"ಯಾರು ಮಾಡಿದ್ದು ಸೀನಮ್ಮ ಇದು?" ಎಂದಳು ಟೈಪಿಸ್ಟ್ ಅಕ್ಕ.

'ನಮ್ಮತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂದು, ಮೂರು ತೋಳಿನ ಸ್ವೆಟರನ್ನು ನೆನೆದು ಹಿಂದಕ್ಕೆ ಓಡಿತು. ಹಿಂದೆ ಮೇಡಂ ಬೇರೆ ನಿಂತಿದ್ದಾರೆ. ಕಿಟಕಿ ಪಕ್ಕ ಕೂರುವವಳು ಸ್ವಲ್ಪ ಗತ್ತಿನವಳಾಗಿ ಕಾಣಬೇಡವೇ? ಯಾವುದೋ ವಾರಪತ್ರಿಕೆಯಲ್ಲಿ ಓದಿದ ಪದ ಆಪದ್ಬಾಂಧವನಂತೆ ಒದಗಿಬಂತು.

"ಒಬ್ಬರು ಸ್ವತಂತ್ರ ವಿನ್ಯಾಸಕಿ," ಎಂದಳು. "ಒಂದು ಮಾಡಿದ ಹಾಗೆ ಇನ್ನೊಂದು ಮಾಡಲ್ಲ. ದೊಡ್ಡ ಕಲಾವಿದೆ."

"ಎಲ್ಲಿದಾರೆ? ಎಲ್ಲಿದಾರೆ?" ಎಂದ ರಬ್ಬರ್ ಸ್ಟಾಂಪು.

"ಸಿಗಲ್ಲ. ಸಮುದ್ರದ ದಂಡೇಲಿ ಒಂಟಿ ಮನೆ. ಫೋನೂ ಇಟ್ಕೊಂಡಿಲ್ಲ. ವಯಸ್ಸು ಎಂಬತ್ತು."

ನೋಟಿಸ್ ಬೋರ್ಡಿನ ಕಡೆಯಿಂದ ದನಿ ಬಂತು. "ಎಂಬತ್ತೇ?"

"ಮೇಲೇ ಇರಬಹುದು ಮೇಡಂ," ಎಂದಳು ಸೀನಮ್ಮ, ಅವರ ಆಸಕ್ತಿಯಿಂದ ಉಬ್ಬಿ. "ಒಂದು ಕಣ್ಣಂತೂ ಪೂರ್ತಿ ಮಂಜು. ಅದಕ್ಕೇ ನೋಡಿ, ಗೂಬೆಯ ಕಣ್ಣು ಹೀಗೆ ಮೇಲೆ ಕೆಳಗೆ ಆಗಿದೆ. ಪಾಪ, ಕಾಣಲ್ಲ."

ಮೇಡಂ ಮೆಟ್ಟಿಲು ಹತ್ತಿದರು. ಹೆಜ್ಜೆ ಸ್ವಲ್ಪ ಜೋರಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ಮೇಜಿಂದ ಮೇಜಿಗೆ ಹೊಸ ಮಗುವಿನಂತೆ ಕೈ ಬದಲಾಯಿಸಿತು. ಒಬ್ಬರು ಒಳಗಿನ ಅಸ್ತರಿಗೆ ಹಾಕಿದ್ದ ಪಟ್ಟೆಪಟ್ಟೆ ಪರದೆಬಟ್ಟೆ ಸವರಿದರು, ಇನ್ನೊಬ್ಬರು ಪೆನ್ನಿಗೆಂದೇ ಹೊಲಿದ ಸಣ್ಣ ಗೂಡು ಕಂಡುಹಿಡಿದರು. ಮೂಲೆಯಲ್ಲಿ ಮಖಮಲ್ಲಿನ ಜೇಬೊಂದಿತ್ತು. ಸೀನಮ್ಮ ಕುತೂಹಲಕ್ಕೆ ತನ್ನ ಕನ್ನಡಕವನ್ನು ಅದರಲ್ಲಿ ಇಳಿಸಿದಳು. ಅದು ಗೂಡಿನಲ್ಲಿ ಮರಿ ಕೂತ ಹಾಗೆ ಕೂತಿತು. ಅವಳಿಗೆ ಮೊದಲ ಸಲ ಏನೋ ಆಯಿತು. ಯಾರೋ ಒಬ್ಬರು ಎಲ್ಲೋ ಕೂತು, ಕನ್ನಡಕ ಗೀಚಿಹೋಗಬಾರದು ಎಂದು ಯೋಚಿಸಿ, ಮೆತ್ತಗಿನ ಬಟ್ಟೆ ಹುಡುಕಿ ಹೊಲಿದಿದ್ದರು. ಅತ್ತೆಯ ಕೈಯಿಂದ ಇದು ಬಂತೇ? ನಾಚಿಕೆಯೂ ಹೆಮ್ಮೆಯೂ ಒಟ್ಟಿಗೆ ಬಂದವು. ಸೀನೂ ಬಂತು.

"ನನಗೊಂದು ತರಿಸಿಕೊಡ್ಲೇಬೇಕು," ಎಂದಳು ಟೈಪಿಸ್ಟ್ ಅಕ್ಕ.

"ನನಗೆರಡು. ಹೆಂಡತಿಗೊಂದು, ಅವಳ ತಂಗಿಗೊಂದು. ಇಲ್ದಿದ್ರೆ ಜಗಳ ಆಗುತ್ತೆ, ಜಗಳ," ಎಂದ ರಬ್ಬರ್ ಸ್ಟಾಂಪು.

"ಅವರು ಒಂದೇ ಮಾಡೋದು ಅಂದೆನಲ್ಲಾ..."

"ಕಣ್ಣು ಬೇರೆ ಕಡೆ ಇಟ್ರೆ ಬೇರೆ ಗೂಬೆ ಆಗುತ್ತೆ ಬಿಡ್ರೀ!"

ಚೀಟಿ ಬರೆದಾಗ ಒಟ್ಟು ಹನ್ನೊಂದು ಗೂಬೆ. ರಾತ್ರಿ ಅತ್ತೆಯ ಕಾಲು ಹಿಡಿದಾದರೂ ಮಾಡಿಸಬೇಕು ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ, ಚೀಲ ತೆಗೆದುಕೊಂಡು ಬರಲು ಮೇಡಂ ಕರೆ ಕಳಿಸಿದರು.

ಕೋಣೆಯಲ್ಲಿ ಅವಳ ಅರ್ಜಿ ಮೇಜಿನ ಮೇಲಿತ್ತು, ಸಹಿಯಿಲ್ಲದೆ. ಮೇಡಂ ಬಾಗಿಲು ಹಾಕಿ, ಗೋಡೆಯ ಬೀರು ತೆರೆದರು. ಮೇಲಿನ ಎರಡು ಅರೆಗಳಲ್ಲಿ ಕಡತಗಳಿದ್ದವು. ಕೆಳಗಿನ ಅರೆಯಲ್ಲಿ ಪರದೆಬಟ್ಟೆ, ಹಳೆಯ ಟೈಗಳು, ಗಾಜಿನ ಬಾಟಲಿ ತುಂಬ ಗುಂಡಿಗಳು. ಅರ್ಧ ಹೊಲಿದ ಗೂಬೆಯೊಂದು ಒಂಟಿ ಕಣ್ಣಿನಿಂದ ಅವಳನ್ನೇ ನೋಡಿತು.

ಸೀನಮ್ಮ ಬೀರಿನೊಳಗಿನ ಕಡತದ ಗಂಟು ನೋಡಿದಳು. ಮೂರು ಸುತ್ತು. ತನ್ನ ಚೀಲದ ಗಂಟು ನೋಡಿದಳು. ಅದೂ ಮೂರು ಸುತ್ತು.

"ನನಗೆ ಐವತ್ತಮೂರು," ಎಂದರು ಮೇಡಂ. "ಎರಡು ಕಣ್ಣೂ ಚೆನ್ನಾಗಿ ಕಾಣುತ್ತೆ. ಗೂಬೆ ತಲೆ ಓರೆ ಮಾಡಿ ಯೋಚನೆ ಮಾಡ್ತಿದೆ. ಅದು ಭಾವ!"

"ಮೇಡಂ... ಇದು... ನಮ್ಮತ್ತೆ ತಾವೇ ಮಾಡಿದ್ದು ಅಂತ..."

"ಹೌದಾ? ಭಾನುವಾರದ ಸಂತೇಲಿ ನನ್ನ ತಂಗಿ ಅಂಗಡಿ ಇಡ್ತಾಳೆ. ಒಬ್ಬ ಹೆಂಗಸು ಬಂದು, ಬೆಲೆ ಚೀಟಿ ಸುಳಿವಿಲ್ಲದ ಹಾಗೆ ಕಿತ್ತುಕೊಡಮ್ಮ, ಸೊಸೆ ನನ್ನ ಕೈಕೆಲಸದ ಬಗ್ಗೆ ಊರೆಲ್ಲ ಹೇಳ್ಕೊಂಡು ನಗ್ತಾಳಂತೆ, ಈ ಸಲ ನಗೋ ಹಾಗಿಲ್ಲ ಅಂದರಂತೆ."

ಸೀನಮ್ಮ ನೆಲ ನೋಡಿದಳು. ನೆಲ ಬಾಯಿ ಬಿಡಲಿಲ್ಲ.

"ಹನ್ನೊಂದು ಜನಕ್ಕೆ ಒಪ್ಪಿಕೊಂಡಿದೀರಂತೆ," ಮೇಡಂ ಕೈ ಚಾಚಿದರು. ಚೀಟಿ ಕೈ ಬದಲಾಯಿತು. ಓದುತ್ತ ಓದುತ್ತ ಅವರ ಮುಖದಲ್ಲಿ ಯಾರೂ ಕಂಡಿರದ ನಗೆಯೊಂದು ಸುಳಿದು, ನೋಟಿಸು ನೆನಪಾಗಿ ಮರೆಯಾಯಿತು. "ನಾನು ಅಂತ ಹೇಳೋ ಹಾಗಿಲ್ಲ. ನಿಮ್ಮ ಆ ಎಂಬತ್ತರ ಅಜ್ಜಿನೇ ಇರಲಿ, ಅನುಕೂಲವಾಗೇ ಇದೆ. ಆದರೆ ಇರೋದು ನನಗೆರಡೇ ಕೈ. ಕಣ್ಣು ಹೊಲಿಯೋ ಕೆಲಸ ನಿಮ್ಮದು. ದಿನಾ ಊಟದ ಹೊತ್ತಲ್ಲಿ."

"ಆಗಲಿ ಮೇಡಂ. ಮತ್ತೆ... ಕಿಟಕಿ ಪಕ್ಕದ ಮೇಜು?"

"ಕಿಟಕಿ ಪಕ್ಕ ಕೂತು ಹೊಲಿದರೆ ಇಡೀ ಆಫೀಸಿಗೆ ಕಾಣುತ್ತೆ. ಊಟದ ಹೊತ್ತಲ್ಲಿ ಕೆಳಗೆ ಯಾರೂ ಬರಲ್ಲ." ಮೇಡಂ ಅರ್ಜಿಯ ಮೇಲೆ 'ಇಲ್ಲ' ಎಂದು ಬರೆದು, ಕಡತಕ್ಕೆ ಸೇರಿಸಿ, ಮೂರು ಸುತ್ತು ಕಟ್ಟಿದರು. "ಇವತ್ತು ಮನೇಲಿ ಒಂದು ಗೂಬೆ ಅಭ್ಯಾಸ ಮಾಡ್ಕೊಂಡು ಬನ್ನಿ."

ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನಂದ್ರು ಎಲ್ಲರೂ? ನಕ್ಕರಾ?"

"ಇಲ್ಲ ಅತ್ತೆ. ಎಲ್ಲರಿಗೂ ಬೇಕಂತೆ. ಹನ್ನೊಂದು." ಸೀನಮ್ಮ ಮೇಡಂ ತೋರಿಸಿಕೊಟ್ಟ ಹಾಗೆ ದಾರದ ಮೂರನೆಯ ಎಳೆ ಎಳೆದಳು; ಚೀಲ ಸಲೀಸಾಗಿ ತೆರೆದುಕೊಂಡಿತು. ಮೇಡಂ ಕೊಟ್ಟು ಕಳಿಸಿದ್ದ ಕಣ್ಣಿಲ್ಲದ ಗೂಬೆ, ಸೂಜಿ, ದಾರ, ಎರಡು ಗುಂಡಿ ತೆಗೆದು ಅವರ ಮುಂದಿಟ್ಟಳು. "ನಿಮ್ಮ ಕೈಯಾರೆ ಒಂದು ಕಣ್ಣು ಹೊಲಿದು ತೋರಿಸಿ, ಕಲಿತ್ಕೋತೀನಿ."

ಅತ್ತೆ ಸೂಜಿ ನೋಡಿದರು. ಸೊಸೆಯನ್ನು ನೋಡಿದರು. ಮೆಲ್ಲನೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

"ಯಾಕೋ ಕಣೇ, ಇವತ್ತಿನಿಂದ ಕಣ್ಣೇ ಸರಿ ಇಲ್ಲ. ಒಂದು ಕಣ್ಣಂತೂ ಪೂರ್ತಿ ಮಂಜು. ನನಗೂ ಇನ್ನೇನು ಎಂಬತ್ತು ಬಂತಲ್ಲ."

ಅವರಿಗೆ ಅರವತ್ತೆರಡು. ಬೆಳಿಗ್ಗೆ ಸೀನಮ್ಮ ತಾನೇ ಹುಟ್ಟಿಸಿದ ಸುಳ್ಳು ಈಗ ಕನ್ನಡಕ ಒರೆಸುತ್ತ ಎದುರಿಗೆ ಕೂತಿತ್ತು. ಅವಳು ದಾರ ಪೋಣಿಸಿ, ದೀಪದ ಕೆಳಗೆ ಕೂತಳು. ದೊಡ್ಡ ಗುಂಡಿ ನೆಟ್ಟಗೆ ಕೂತಿತು. ಚಿಕ್ಕದನ್ನು ಹಿಡಿಯುವಷ್ಟರಲ್ಲಿ, ನಾಲ್ಕು ವರ್ಷದ ಅಭ್ಯಾಸ, ಒಂದು ಸೀನು ಬಂದು ಸೂಜಿ ಜಾರಿತು. ಬಿಚ್ಚಲು ಹೋದವಳು ಕೈ ತಡೆದಳು. ಗೂಬೆ ತಲೆ ಓರೆ ಮಾಡಿ ಅವಳನ್ನೇ ನೋಡುತ್ತಿತ್ತು. ಚೆನ್ನಾಗಿಯೇ ಇತ್ತು.

ಅಡುಗೆಮನೆಯ ಬಾಗಿಲಿಂದ, ಕನ್ನಡಕವಿಲ್ಲದ ಅತ್ತೆಯ ದನಿ ಕೇಳಿಸಿತು.

"ಆ ಚಿಕ್ಕ ಗುಂಡಿ ಇನ್ನೊಂದು ಎಳ್ಳಿನಷ್ಟು ಕೆಳಗಿರ್ಬೇಕಿತ್ತು ಕಣೇ."