ಏಳು ಡಬ್ಬಿ, ಒಂದು ಬೆಕ್ಕು

"ಮೂವತ್ತೊಂದು ಸೆಕ್ಷನ್ನು, ನಲವತ್ತಾರು ಜನ ಟೀಚರು, ಇರೋದು ಒಂದೇ ಲ್ಯಾಬು. ಅದನ್ನೇ ಕೂದಲು ಕೊಂಕದ ಹಾಗೆ ಹೊಂದಿಸಿದವನು ನಾನು. ಒಂದು ಬೆಕ್ಕಿನ ಊಟ ಹೊಂದಿಸೋದು ಯಾವ ಮಹಾ?"

ಭಾನುವಾರ ಸಂಜೆ ವೇಳಾಪಟ್ಟಿ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬಟ್ಟೆ ಮಡಿಸುತ್ತಿದ್ದರು. ಮಡಿಸುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವರಿಗೆ ಯಾವ ಘೋಷಣೆಗೆ ತಲೆ ಎತ್ತಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿದಿರುತ್ತದೆ.

ಮೇಷ್ಟ್ರು ಪ್ರೌಢಶಾಲೆಯೊಂದರ ಉಪಮುಖ್ಯೋಪಾಧ್ಯಾಯರು. ಕಲಿಸುವುದು ಗಣಿತ, ಬದುಕುವುದು ಮಾತ್ರ ವೇಳಾಪಟ್ಟಿಗಾಗಿ. ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ ಸ್ಕೇಲು, ಪೆನ್ಸಿಲು, ರಬ್ಬರುಗಳನ್ನು ಹಿಡಿದು ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಎರಡು ವಾರ ಅವರ ಮುಖ ಯಾರಿಗೂ ಕಾಣದು. ಹೊರಬರುವಾಗ ಕೈಯಲ್ಲಿ ಒಂದು ಹಾಳೆ ಇರುತ್ತಿತ್ತು. ಆ ಹಾಳೆಯಲ್ಲಿ ಒಂದೇ ವಿಷಯ ಬೆನ್ನುಬೆನ್ನಿಗೆ ಎರಡು ಪೀರಿಯಡ್ ಬಂದದ್ದನ್ನು ಕಂಡವರಿಲ್ಲ. ಬದಲಾವಣೆ ಇಲ್ಲದಿದ್ದರೆ ಬುದ್ಧಿ ತುಕ್ಕು ಹಿಡಿಯುತ್ತದೆ ಎಂಬುದು ಅವರ ಸಿದ್ಧಾಂತ. ಬುದ್ಧಿಗೆ ಅನ್ವಯಿಸುವುದು ಹೊಟ್ಟೆಗೆ ಅನ್ವಯಿಸದೆ ಇರುತ್ತದೆಯೇ?

ಬೆಕ್ಕು ಬಂದದ್ದು ಅದೇ ಮಧ್ಯಾಹ್ನ. ಹೆಸರು ಮಸಿ. ಮೂತಿಯಿಂದ ಬಾಲದ ತುದಿಯವರೆಗೆ ಕಪ್ಪು. ಹನ್ನೊಂದು ವರ್ಷ ಅದು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಬೆಳೆದಿತ್ತು. ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಅಷ್ಟು ದಿನ ಆ ಮನೆಯಲ್ಲೇ ಇದ್ದು ಬೆಕ್ಕನ್ನು ನೋಡಿಕೊಂಡ ಅವರ ಅಕ್ಕ, ಇನ್ನೊಂದು ವಾರದಲ್ಲಿ ಮನೆಗೆ ಬೀಗ ಹಾಕಿ ತಮ್ಮೂರಿಗೆ ಹೊರಡುವವರು, ಒಂದು ಬುಟ್ಟಿಯಲ್ಲಿ ಮಸಿಯನ್ನು ತಂದು ಒಪ್ಪಿಸಿ ಹೋಗಿದ್ದರು.

ಒಪ್ಪಂದವಾದದ್ದು ಆಸ್ಪತ್ರೆಯಲ್ಲಿ. ಮೂಗಿಗೆ ನಳಿಕೆ ಹಾಕಿಸಿಕೊಂಡಿದ್ದ ಸ್ನೇಹಿತ, ಮಸಿಯನ್ನು ನೋಡಿಕೋ ಎಂದಿದ್ದರು. ನೋಡಿಕೊಳ್ಳುತ್ತೇನೆ ಬಿಡಯ್ಯ ಎಂದು ಮೇಷ್ಟ್ರು ಗಡಿಯಾರ ನೋಡಿ ಎದ್ದು ಬಂದಿದ್ದರು. ಇಪ್ಪತ್ತೆರಡು ವರ್ಷದ ಸ್ನೇಹದಲ್ಲಿ ಅದು ಕೊನೆಯ ಮಾತಾಯಿತು. ಆದ್ದರಿಂದ ಈ ಬೆಕ್ಕು ಉಪವಾಸ ಬೀಳುವಂತಿಲ್ಲ, ಸೊರಗುವಂತಿಲ್ಲ, ಸೀನುವಂತೆಯೂ ಇಲ್ಲ.

ಅಂಗಡಿಯಲ್ಲಿ ಬೆಕ್ಕಿನ ಹಸಿ ಆಹಾರದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರು ಏಳು ಬಗೆಯವನ್ನು ಆರಿಸಿದರು: ಮೀನು, ಕೋಳಿ, ಕುರಿ, ಸೀಗಡಿ, ಬಾತು, ಮೊಲ, ಈಲಿ ಅಂದರೆ ಲಿವರು. ಎಲ್ಲವೂ ದೊಡ್ಡ ಡಬ್ಬಿ, ಒಂದೊಂದರಲ್ಲಿ ನಾಲ್ಕು ಹೊತ್ತಿನ ಊಟ. ರಾತ್ರಿಯ ಊಟಕ್ಕೆ ಮುಂಚೆಯೇ ಹಾಳೆ ಸಿದ್ಧವಾಯಿತು. ದಿನಕ್ಕೆ ಎರಡು ಪೀರಿಯಡ್, ವಾರಕ್ಕೆ ಹದಿನಾಲ್ಕು, ಯಾವುದೂ ಬೆನ್ನುಬೆನ್ನಿಗೆ ಇಲ್ಲ. ಸೋಮವಾರ ಬೆಳಿಗ್ಗೆ ಮೀನು, ಸಂಜೆ ಕೋಳಿ, ಮಂಗಳವಾರ ಬೆಳಿಗ್ಗೆ ಕುರಿ... ಕೆಳಗೆ ಮಾಮೂಲಿನಂತೆ ಸಹಿ, ಮೊಹರು.

ಸೋಮವಾರ ಬೆಳಿಗ್ಗೆ ಮಸಿ ಮೀನನ್ನು ಮೂಸಿತು. ಮೇಲಿನ ರಸವನ್ನು ಎರಡು ಸಲ ನೆಕ್ಕಿತು. ಮೇಷ್ಟ್ರ ಮುಖವನ್ನೊಮ್ಮೆ ನೋಡಿ, ನಡೆದುಹೋಗಿ ಬೀರುವಿನ ನೆತ್ತಿಯ ಮೇಲೆ ಕುಳಿತಿತು. ಹೊಸ ವಿದ್ಯಾರ್ಥಿ, ಮೊದಲ ದಿನ ಎಂದು ಮೇಷ್ಟ್ರು ಮಾಫಿ ಮಾಡಿದರು. ಸಂಜೆ ಕೋಳಿಗೂ ಎರಡು ನೆಕ್ಕು. ಮಂಗಳವಾರ ಕುರಿಗೆ ಒಂದು. ಸೀಗಡಿಯ ಹೊತ್ತಿಗೆ ಬೀರುವಿನಿಂದ ಇಳಿಯಲೇ ಇಲ್ಲ.

ಇಷ್ಟರಲ್ಲಿ ಫ್ರಿಜ್ಜಿನಲ್ಲಿ ಒಂದು ಸಾಮ್ರಾಜ್ಯ ಎದ್ದಿತ್ತು. ತೆರೆದ ಡಬ್ಬಿಗಳನ್ನು ಮೇಷ್ಟ್ರು ಮೊದಲು ಹಾಗೆಯೇ ಇಟ್ಟರು. ಹಾಲು ಮೀನಿನ ವಾಸನೆ ಹೊಡೆಯಿತು. ಮೇಲೆ ಬಸಿ ಮುಚ್ಚಿದರು. ಬೆಣ್ಣೆ ಕೋಳಿಯ ವಾಸನೆ ಹೊಡೆಯಿತು. ಕೊನೆಗೆ ಹೆಂಡತಿಯ ಗಟ್ಟಿ ಮುಚ್ಚಳದ ಊಟದ ಡಬ್ಬಿಗಳನ್ನು ಒಂದೊಂದಾಗಿ ವಶಪಡಿಸಿಕೊಂಡು, ಅವುಗಳಿಗೆ ತುಂಬಿ, ಬಿಳಿ ಪಟ್ಟಿ ಅಂಟಿಸಿ, ಪೀರಿಯಡ್ ಸಂಖ್ಯೆ ಬರೆದರು. ಬುಧವಾರ ಬೆಳಿಗ್ಗೆ ಹೆಂಡತಿ ತಮ್ಮ ಊಟವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಕೊಂಡು ಹೊರಡಬೇಕಾಯಿತು. ಅವರಿಗೆ ಕೆಲಸ ಬ್ಲಡ್ ಬ್ಯಾಂಕಿನಲ್ಲಿ. ಯಾವ ಚೀಲ ಎಷ್ಟು ಡಿಗ್ರಿಯಲ್ಲಿ, ಎಷ್ಟು ದಿನ ಇರಬೇಕು ಎಂದು ನೋಡುವುದೇ ಅವರ ಕಸುಬು. ಹೊರಡುವ ಮುನ್ನ ಒಂದು ಖಾಲಿ ಡಬ್ಬಿಯನ್ನು ಕಸದಿಂದ ಎತ್ತಿ, ಕನ್ನಡಕ ಏರಿಸಿ, ಅದರ ಹೊಟ್ಟೆಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿದರು.

"ರೀ, ತೆರೆದ ಮೇಲೆ ಮುಚ್ಚಿ ಫ್ರಿಜ್ಜಲ್ಲಿಡಿ, ಮೂರು ದಿನದೊಳಗೆ ಮುಗಿಸಿ ಅಂತಿದೆ. ನೀವು ಎಷ್ಟು ತೆರೆದಿದೀರಿ?"

"ಐದು."

"ಒಂದೊಂದರಲ್ಲೂ ಎಷ್ಟು ಖರ್ಚಾಗಿದೆ?"

"ಒಂದೊಂದು ಪೀರಿಯಡ್."

"ನಮ್ಮಲ್ಲಿ ರಕ್ತಕ್ಕೂ ಇಷ್ಟು ಜಾಗ ಕೊಡಲ್ಲ" ಎಂದು ಹೇಳಿ ಅವರು ಬಸ್ಸಿಗೆ ಹೋದರು.

ಮೇಷ್ಟ್ರು ಪೆನ್ಸಿಲ್ ಹಿಡಿದರು. ಐದು ಡಬ್ಬಿ, ಇಪ್ಪತ್ತು ಊಟ. ಬಡಿಸಿದ್ದು ಐದು, ಉಳಿದದ್ದು ಹದಿನೈದು. ಒಂದು ಡಬ್ಬಿ ಕೆಡುವುದರೊಳಗೆ ಒಂದು ಬೆಕ್ಕು ತಿನ್ನಬಲ್ಲದ್ದು ಆರು ಊಟ. ಎಂದರೆ ಒಂದೂವರೆ ಡಬ್ಬಿ. ಒಂದೂವರೆ ಡಬ್ಬಿಯಲ್ಲಿ ಏಳು ಬಗೆ ತರುವುದು ಹೇಗೆ? ಬಗೆ ಹೆಚ್ಚಿಸಿದರೆ ಕೆಡುತ್ತದೆ, ಕೆಡದಂತೆ ನೋಡಿದರೆ ಬಗೆ ಇಲ್ಲ. ನಲವತ್ತಾರು ಟೀಚರುಗಳನ್ನು ಬಗ್ಗಿಸಿದ ಪೆನ್ಸಿಲ್ಲಿನ ಮೊನೆ ಪಟ್ಟೆಂದು ಮುರಿಯಿತು.

ಸೋತರು ಎಂದುಕೊಂಡಿರಾ? ಟೀಚರು ಜಾಸ್ತಿ, ಮಕ್ಕಳು ಕಡಿಮೆ ಆದಾಗ ಶಾಲೆ ಏನು ಮಾಡುತ್ತದೆ? ಟೀಚರನ್ನು ಕಳಿಸುವುದಿಲ್ಲ, ಮಕ್ಕಳನ್ನು ಹುಡುಕುತ್ತದೆ! ಬುಧವಾರ ಸಂಜೆ ಮೇಷ್ಟ್ರು ಇಸ್ತ್ರಿ ಅಂಗಡಿಯವನ ಅರ್ಧ ಕಿವಿಯ ಗಂಡುಬೆಕ್ಕನ್ನೂ ಬೀದಿಯ ಇನ್ನೆರಡನ್ನೂ ಮೆಟ್ಟಿಲ ಬುಡಕ್ಕೆ ಆಹ್ವಾನಿಸಿ, ಸಾಲಾಗಿ ಡಬ್ಬಿಗಳನ್ನು ತೆರೆದಿಟ್ಟರು. ಒಳಗೆ ಮಸಿಗೆ ಮಾತ್ರ ಪಟ್ಟಿಯ ಪ್ರಕಾರ ಆರನೆಯ ಡಬ್ಬಿಯನ್ನು ಹೊಸದಾಗಿ ಒಡೆದರು. ಪಟ್ಟಿ ಎಂದರೆ ಪಟ್ಟಿ. ಮಸಿ ಮೊಲದ ಕಡೆ ಬೆನ್ನು ಹಾಕಿ ಮಲಗಿತು.

ಗುರುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಒಂಬತ್ತು ಬೆಕ್ಕುಗಳಿದ್ದವು. ಶಾಲೆಯ ಪ್ರಾರ್ಥನೆಗೂ ಇಷ್ಟು ಠೀಕಾಗಿ ಮಕ್ಕಳು ಬಂದದ್ದಿಲ್ಲ. ಒಂಬತ್ತೂ ಸೀಗಡಿಯ ಡಬ್ಬಿಯೊಂದಕ್ಕೇ ಮುಗಿಬಿದ್ದವು. ಕುರಿಯನ್ನು ಕೇಳುವವರಿಲ್ಲ. ಅರ್ಧ ಕಿವಿಯವನು ಬಾತುವಿನ ಡಬ್ಬಿಯ ಮೇಲೆ ನಿಂತು ಇತರರ ಮೇಲೆ ಯುದ್ಧ ಸಾರಿದ. ಯುದ್ಧ ಮೆಟ್ಟಿಲು ಹತ್ತಿತು. ಐದು ನಿಮಿಷದಲ್ಲಿ ಮೇಲಿನ ಮನೆಯ ಟೈಲರಮ್ಮ ಬಿಳಿ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡು ಕೆಳಗಿಳಿದು ಬಂದರು. ನರ್ಸುಗಳ ಸಮವಸ್ತ್ರಕ್ಕೆಂದು ಕತ್ತರಿಸಿಟ್ಟ ಬಟ್ಟೆ. ಅದರ ಮೇಲೆ ಕಂದು ಬಣ್ಣದ ಹೆಜ್ಜೆಗಳು ಮೂಲೆಯಿಂದ ಮೂಲೆಗೆ ನಡೆದಿದ್ದವು.

"ಅಣ್ಣಾ, ಈ ಡಿಸೈನು ನಾನು ಹಾಕಿದ್ದಲ್ಲ" ಎಂದರು ಟೈಲರಮ್ಮ, ತೀರಾ ತಣ್ಣಗೆ.

ಮೇಷ್ಟ್ರು ಬಟ್ಟೆಯನ್ನು ತಾವೇ ಒಗೆದರು. ಮೂರು ಸಲ. ಆಮೇಲೆ ಒಳಗೆ ಬಂದು ಏಳನೆಯ ಡಬ್ಬಿಗೆ ಕೈ ಹಾಕಿದಾಗ ಬೀರುವಿನ ಮೇಲಿಂದ ಸದ್ದೇ ಬರಲಿಲ್ಲ. ಕುರ್ಚಿ ಹತ್ತಿ ಮಸಿಯನ್ನು ಎತ್ತಿಕೊಂಡರು. ಬೆಕ್ಕು ಕೈಗೆ ಹಗುರಾಗಿ ಬಂತು. ಎತ್ತುವವರೆಗೆ ಅವರಿಗೆ ಅದು ಗೊತ್ತಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ತಮ್ಮದೇ ಪಟ್ಟಿಯಲ್ಲಿ ತಮ್ಮದೇ ಹೆಸರಿನ ಮುಂದೆ ಗೈರುಹಾಜರಿ ಹಾಕಿಸಿ, ಮೇಷ್ಟ್ರು ಬುಟ್ಟಿ ಹಿಡಿದು ಪಶುವೈದ್ಯೆಯ ಬಳಿ ಓಡಿದರು.

ಪಶುವೈದ್ಯೆಗೆ ಮಸಿ ಹಳೆಯ ಪರಿಚಯ. ತಕ್ಕಡಿಯ ಮೇಲಿಟ್ಟರು. ಮೂರು ಕಿಲೊ ಐನೂರು ಗ್ರಾಂ. ಹೋದ ತಿಂಗಳಿಗಿಂತ ನಾನೂರು ಕಡಿಮೆ. ಬೆಕ್ಕು ಊಟ ಬಿಟ್ಟರೆ ಅದರ ಈಲಿ ಬೇಗ ಕೆಡುತ್ತದೆ, ಇವತ್ತು ಸೂಜಿ ಹಾಕುತ್ತೇನೆ, ಈ ರಾತ್ರಿಯೂ ತಿನ್ನದಿದ್ದರೆ ನಾಳೆ ಬೆಳಿಗ್ಗೆಯೇ ಮೂಗಿಗೆ ನಳಿಕೆ ಹಾಕಿ ಉಣಿಸಬೇಕಾಗುತ್ತದೆ ಎಂದರು. ನಳಿಕೆ ಎಂಬ ಮಾತು ಕೇಳಿ ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಕುಳಿತ ಮೇಲೆ ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಎಷ್ಟಾದರೂ ದಾಖಲೆ.

ಪಶುವೈದ್ಯೆ ಹಾಳೆಯನ್ನು ಪೂರ್ತಿ ಓದಿದರು. ಮೊಹರನ್ನೂ ಓದಿದರು.

"ಫ್ರಿಜ್ಜಿಂದ ತೆಗೆದು ಹಾಗೇ ಕೊಡ್ತೀರಾ, ಸರ್?"

"ಹೌದು. ಒಡೆಯದ ಡಬ್ಬೀನೂ ಅಲ್ಲೇ ಇಟ್ಟಿದೀನಿ, ತಾಜಾ ಇರಲಿ ಅಂತ."

"ಸ್ವಲ್ಪ ಬೆಚ್ಚಗೆ ಮಾಡಿ ಕೊಡಬೇಕು. ತಣ್ಣಗಿದ್ರೆ ಅದಕ್ಕೆ ವಾಸನೆ ಸಿಗಲ್ಲ, ವಾಸನೆ ಸಿಗದಿದ್ರೆ ತಿನ್ನಲ್ಲ. ಇನ್ನು ಈ ಪಟ್ಟಿ..." ಅವರು ಹಾಳೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟರು. "ಬದಲಾವಣೆ ಒಳ್ಳೇದೇ, ಸರ್. ಆದರೆ ಹಳೇದರ ಜೊತೆ ಹೊಸದನ್ನ ಚಮಚ ಚಮಚ ಬೆರೆಸಿ, ವಾರಗಟ್ಟಲೆ ತಗೊಂಡು ಮಾಡೋದು. ಇದರ ಮನೆ ಬದಲಾಯ್ತು. ಸಾಕಿದವರು ಇಲ್ಲ. ಗೊತ್ತಿದ್ದದ್ದು ಅಂತ ಇದಕ್ಕೆ ಉಳಿದಿದ್ದು ಆ ಊಟ ಒಂದೇ. ಅದನ್ನೂ ನೀವು ಹೊತ್ತಿಗೊಂದು ಸಲ ಬದಲಾಯಿಸಿದ್ರಿ. ಅಲ್ಲಿ ಏನು ತಿಂತಿತ್ತು?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಆ ಮನೆಯಲ್ಲಿ ಕುಳಿತು ಚಹಾ ಕುಡಿದವರು. ಸ್ನೇಹಿತನಿಗೆ ಸಕ್ಕರೆ ಎಷ್ಟು, ಯಾವ ಕಣ್ಣಿಗೆ ಎಷ್ಟು ಪವರು, ಯಾವ ಹಲ್ಲು ಕಟ್ಟಿಸಿದ್ದು ಎಲ್ಲ ಗೊತ್ತು. ಕಾಲ ಬುಡದಲ್ಲೇ ಇದ್ದ ತಟ್ಟೆಯನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಭಾನುವಾರ ಅಕ್ಕ ಅದನ್ನು ಹೇಳಲೆಂದೇ ಬಾಯಿ ತೆರೆದಾಗ, ಎಲ್ಲ ನನಗೆ ಬಿಡಿ ಅಕ್ಕ ಎಂದು ಕೈ ಎತ್ತಿ ತಡೆದವರೂ ತಾವೇ.

ಡ್ರಾಯಿಂಗ್ ಮೇಷ್ಟ್ರ ಮನೆಯ ಹಜಾರದಲ್ಲಿ ಹಾಸಿಗೆ ಸುತ್ತಿಟ್ಟಿತ್ತು, ಗೋಡೆಯಿಂದ ಚಿತ್ರಗಳನ್ನು ಇಳಿಸಿಯಾಗಿತ್ತು. ಅಕ್ಕ ಬಾಗಿಲು ತೆರೆದು, ಬುಟ್ಟಿಯನ್ನೂ ಮೇಷ್ಟ್ರನ್ನೂ ನೋಡಿ, ಏನೂ ಕೇಳದೆ ಒಳಗೆ ಹೋದರು. ಅಡುಗೆಮನೆಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ದಬ್ಬಿಕೊಂಡು ಬಂದರು. ಒಳಗೆ ಸಣ್ಣ ಸಣ್ಣ ಡಬ್ಬಿಗಳು. ಎಲ್ಲವೂ ಮೀನು. ಎಲ್ಲವೂ ಒಂದೇ ಬಗೆಯ ಮೀನು.

"ದಿನಕ್ಕೊಂದು ಡಬ್ಬಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ" ಎಂದರು ಅಕ್ಕ. "ಉಳಿದರ್ಧ ಮುಚ್ಚಳದ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಡು. ಸಂಜೆ ಆ ಡಬ್ಬೀನ ಬಿಸಿನೀರಲ್ಲಿ ಎರಡು ನಿಮಿಷ ಕೂರಿಸು. ಅಷ್ಟೇ ಕಣಪ್ಪ. ಆಸ್ಪತ್ರೆಗೆ ಹೋಗೋ ಮುಂಚೆ ಅವನೇ ತಂದಿಟ್ಟಿದ್ದ."

ಮೇಷ್ಟ್ರಿಗೆ ಸಿಟ್ಟೂ ಬಂತು. ಇದನ್ನು ಭಾನುವಾರವೇ ಬುಟ್ಟಿಯ ಜೊತೆಗೆ ಕೊಡಬಹುದಿತ್ತಲ್ಲ ಅಕ್ಕ, ನಾಲ್ಕು ದಿನ ಬೆಕ್ಕು ಒಣಗಿತು ಎಂದರು.

"ನಾನೂ ಅದನ್ನೇ ಅಂದೆ. ಕೊಟ್ಟರೂ ತಗೊಳಲ್ಲ ಅಂದ. 'ಅವನು ಮೊದಲು ಟೈಮ್‌ಟೇಬಲ್ ಹಾಕ್ತಾನೆ. ಅದು ಕೈಕೊಟ್ಟ ಮೇಲೆ ತಾನೇ ಬರ್ತಾನೆ. ಒಂದು ವಾರ ಕಾಯಿ' ಅಂತ." ಅಕ್ಕ ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದರು. "ವಾರ ಕಾಯೋ ಜೀವ ನಂದಲ್ಲ. ನಾಳೆ ನಾನೇ ಹೊತ್ತು ತರೋಳಿದ್ದೆ. ನೀನು ನಾಲ್ಕೇ ದಿನಕ್ಕೆ ಬಂದೆ. ಅವನು ಅಂದ್ಕೊಂಡಿದ್ದಕ್ಕಿಂತ ನೀನು ವಾಸಿ."

ಮೇಷ್ಟ್ರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಬುಟ್ಟಿಯನ್ನು ಅಕ್ಕನೇ ಹಿಡಿದು ರಸ್ತೆಯವರೆಗೆ ಬಂದರು. ದಾರಿಯುದ್ದಕ್ಕೂ ಮೇಷ್ಟ್ರು ಬೈದುಕೊಂಡೇ ನಡೆದರು. ಬೈಸಿಕೊಳ್ಳಬೇಕಾದವರು ಇರಲಿಲ್ಲವಾದ್ದರಿಂದ ಬೈಗುಳ ಮನೆ ಬರುವವರೆಗೂ ಮುಗಿಯಲಿಲ್ಲ.

ಸಂಜೆ ಅರ್ಧ ಡಬ್ಬಿ ಮೀನನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ತಟ್ಟೆಗೆ ಹಾಕಿದರು. ಬೀರುವಿನ ಮೇಲೆ ಒಂದು ಕಿವಿ ತಿರುಗಿತು. ಮಸಿ ಇಳಿದು ಬಂದು, ಮೂಸಿ, ತಿನ್ನತೊಡಗಿತು. ಪೂರ್ತಿ ತಿನ್ನಲಿಲ್ಲ. ಆದರೆ ತಟ್ಟೆಯ ತಳ ಕಾಣಿಸಿತು. ಹೆಂಡತಿ ಫ್ರಿಜ್ಜಿನಲ್ಲಿ ಉಳಿದಿದ್ದ ಪೀರಿಯಡ್‌ಗಳನ್ನು ಕಸಕ್ಕೆ ಸುರಿದು, ತಮ್ಮ ಡಬ್ಬಿಗಳನ್ನು ಕುದಿಯುವ ನೀರಿಗೆ ಹಾಕಿ, ಒಂದನ್ನು ಮಾತ್ರ ಬೆಕ್ಕಿಗೆ ದಾನ ಮಾಡಿದರು. ಶುಕ್ರವಾರ ಬೆಳಿಗ್ಗೆ ಪಶುವೈದ್ಯೆಗೆ ಫೋನಿನಲ್ಲಿ ವರದಿ ಹೋಯಿತು. ಶನಿವಾರ ತಕ್ಕಡಿಯಲ್ಲಿ ಅರವತ್ತು ಗ್ರಾಂ ಹೆಚ್ಚು ಬಂತು. ನಳಿಕೆ ಬೇಡ, ಇದನ್ನೇ ಮುಂದುವರಿಸಿ ಎಂದರು ಪಶುವೈದ್ಯೆ.

ಆ ಶನಿವಾರ ಚಹಾದ ಹೊತ್ತಿಗೆ ಹೋಗಲು ಮನೆಯಿಲ್ಲದೆ ಮೇಷ್ಟ್ರು ಡಬ್ಬಿಗಳನ್ನು ಕಪಾಟಿಗೆ ಜೋಡಿಸಲು ಕುಳಿತರು. ಪೆಟ್ಟಿಗೆಯ ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಡ್ರಾಯಿಂಗ್ ಹಾಳೆ ಸಿಕ್ಕಿತು. ಬಿಡಿಸಿದರು. ಏಳು ಮನೆಗಳ ಒಂದು ಪಟ್ಟಿ. ಗೆರೆಗಳು ಸ್ಕೇಲಿಲ್ಲದೆ ಎಳೆದವು, ಕೈ ನಡುಗಿದ್ದೂ ಕಾಣುತ್ತಿತ್ತು. ಮೇಲೆ "ಮಸಿ, ವಾರದ ವೇಳಾಪಟ್ಟಿ" ಎಂದಿತ್ತು. ಸೋಮವಾರದ ಮನೆಯಲ್ಲಿ ಒಂದು ಮೀನಿನ ಚಿತ್ರ. ಮಂಗಳವಾರ ಅದೇ ಮೀನು. ಬುಧವಾರ ಅದೇ ಮೀನು. ಹೀಗೆ ಶನಿವಾರದವರೆಗೆ, ಎಲ್ಲವೂ ಬಲಕ್ಕೆ ಮುಖ ಮಾಡಿದ್ದವು. ಭಾನುವಾರದ ಮೀನು ಮಾತ್ರ ಎಡಕ್ಕೆ ಮುಖ ಮಾಡಿತ್ತು. ಅದರ ಪಕ್ಕದಲ್ಲಿ ಸಣ್ಣಗೆ "ಬದಲಾವಣೆ" ಎಂದು ಬರೆದಿತ್ತು. ಕೆಳಗೆ, "ಪರಿಶೀಲಿಸಿದವರ ಸಹಿ" ಎಂದು ಒಂದು ಖಾಲಿ ಗೆರೆ.

ಮೇಷ್ಟ್ರು ಪೆನ್ಸಿಲ್ ಹಿಡಿದು ಒಂದೊಂದು ಮನೆಯನ್ನೂ ಪರಿಶೀಲಿಸಿದರು. ತಿದ್ದದೆ ಅವರು ದಾಟಿಸಿದ ಹಾಳೆ ಲೋಕದಲ್ಲಿಲ್ಲ.

"ಏನ್ರೀ, ತಪ್ಪು ಸಿಕ್ತಾ?" ಹೆಂಡತಿ ಒಳಗಿನಿಂದ ಕೇಳಿದರು.

"ಇಲ್ಲ ಕಣೆ. ಎಲ್ಲೂ ಕ್ಲಾಶ್ ಇಲ್ಲ" ಎಂದರು ಮೇಷ್ಟ್ರು. ಸಹಿ ಹಾಕಿದರು, ದಿನಾಂಕ ಹಾಕಿದರು. ಸಹಿಯಾದ ಪಟ್ಟಿಯನ್ನು ಬರೆದವರಿಗೇ ಹಿಂದಿರುಗಿಸುವುದು ಶಾಲೆಯ ಕ್ರಮ. ಇದನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಮರುದಿನ ಭಾನುವಾರ. ಮೇಷ್ಟ್ರು ಬೆಳಿಗ್ಗೆ ಎದ್ದು, ಪಟ್ಟಿ ನೋಡಿ, ಮೀನನ್ನು ಬೆಚ್ಚಗೆ ಮಾಡಿ, ಮಸಿಯ ತಟ್ಟೆಯನ್ನು ಬಲಗಡೆಯ ಗೋಡೆಯಿಂದ ಎತ್ತಿ ಎಡಗಡೆಯ ಗೋಡೆಗೆ ಇಟ್ಟರು.